ಇಪ್ಪತ್ಮೂರು ನಿಮಿಷದ ಮಂಗಳೂರು

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದ ದಾರಿ ಎಷ್ಟು ದೂರ ಎಂದು ಕೇಳಿದರೆ ಉತ್ತರ ಒಂದೇ: ಸುಮಾರು 306 ಕಿಲೋಮೀಟರ್. ಎಷ್ಟು ಹೊತ್ತು ಎಂದು ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಮಾತು. ಜೆಟ್ ವಿಮಾನದ ವೇಗ ಗಂಟೆಗೆ 800 ಕಿ.ಮೀ., ಹಾಗಾಗಿ 23 ನಿಮಿಷ ಎನ್ನುತ್ತದೆ ಶಾಲೆಯಲ್ಲಿ ಕಲಿತ ಲೆಕ್ಕ. ಒಂದು ಗಂಟೆ ಚಿಲ್ಲರೆ ಎನ್ನುತ್ತದೆ ವಿಮಾನ ಕಂಪನಿಯ ವೇಳಾಪಟ್ಟಿ. ಎಲೆಕ್ಟ್ರಾನಿಕ್ ಸಿಟಿ ಪಕ್ಕದ ದೊಡ್ಡತೋಗೂರಿನಲ್ಲಿ ರೂಮು ಮಾಡಿಕೊಂಡಿರುವ ಮೂಡಬಿದಿರೆಯ ಹುಡುಗನನ್ನು ಕೇಳಿದರೆ, ‘ಬೆಳಗ್ಗೆ ಐದಕ್ಕೆ ಬಿಟ್ರೆ ಹನ್ನೊಂದಕ್ಕೆ ಮನೆ’ ಎನ್ನುತ್ತಾನೆ. ಮೂರೂ ನಿಜವೇ. ಇಪ್ಪತ್ಮೂರು ನಿಮಿಷ ಆರು ಗಂಟೆಯಾಗುವುದು ಎಲ್ಲೆಲ್ಲಿ ಎಂದು ಹುಡುಕುವುದೇ ಈ ಅಧ್ಯಾಯದ ಕೆಲಸ.

ಮೊದಲು ದೂರ. ಪ್ರತಿ ವಿಮಾನ ನಿಲ್ದಾಣಕ್ಕೂ ಅಕ್ಷಾಂಶ, ರೇಖಾಂಶ ಗೊತ್ತುಮಾಡಿದ ಒಂದು ಗುರುತಿನ ಬಿಂದು ಇರುತ್ತದೆ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದ್ದು ಉತ್ತರ 13.20 ಡಿಗ್ರಿ, ಪೂರ್ವ 77.71 ಡಿಗ್ರಿ. ಮಂಗಳೂರಿನ ಬಜ್ಪೆಯದು 12.96 ಮತ್ತು 74.89. ರೇಖಾಂಶದಲ್ಲಿ ವ್ಯತ್ಯಾಸ 2.82 ಡಿಗ್ರಿ. ಭೂಮಧ್ಯರೇಖೆಯ ಮೇಲೆ ಒಂದು ಡಿಗ್ರಿ ರೇಖಾಂಶವೆಂದರೆ 111 ಕಿ.ಮೀ.; ಧ್ರುವದ ಕಡೆಗೆ ಹೋದಂತೆ ರೇಖೆಗಳು ಹತ್ತಿರವಾಗುತ್ತ ಬರುವುದರಿಂದ ನಮ್ಮ 13 ಡಿಗ್ರಿಯಲ್ಲಿ ಅದು 108 ಚಿಲ್ಲರೆ. ಗುಣಿಸಿದರೆ 305. ಅಕ್ಷಾಂಶದಲ್ಲಿ ವ್ಯತ್ಯಾಸ ಬರೀ 0.24 ಡಿಗ್ರಿ, ಅಂದರೆ 26 ಕಿ.ಮೀ. ಇವೆರಡನ್ನೂ ಲಂಬಕೋನದ ಎರಡು ಬಾಹುಗಳೆಂದುಕೊಂಡು ಪೈಥಾಗೊರಸನ ಸೂತ್ರಕ್ಕೆ ಹಾಕಿದರೆ 306. ಭೂಮಿ ಗುಂಡಗಿದೆ, ಪೈಥಾಗೊರಸ್ ಸೂತ್ರ ಸಪಾಟು ಕಾಗದದ್ದು ಎಂಬ ಆಕ್ಷೇಪ ಸರಿಯೇ. ಆದರೆ ಇಷ್ಟು ಸಣ್ಣ ದೂರದಲ್ಲಿ ಗುಂಡುತನ ಲೆಕ್ಕಕ್ಕೇ ಬರುವುದಿಲ್ಲ.

ಅದು ಲೆಕ್ಕಕ್ಕೆ ಬರುವುದು ವೈಟ್‌ಫೀಲ್ಡಿನವರು ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ. ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಪೂರ್ವಕ್ಕೆ ಪೆಸಿಫಿಕ್ ಸಾಗರವನ್ನೋ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರವನ್ನೋ ಅಡ್ಡ ಹಾಯುತ್ತದೆ. ಗ್ಲೋಬಿನ ಮೇಲೆ ದಾರ ಬಿಗಿದು ನೋಡಿ: ಅತಿ ಹತ್ತಿರದ ದಾರಿ ಬೆಂಗಳೂರಿನಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಪೂರ್ವದ ಕಡೆಗೆ ಇಪ್ಪತ್ತು ಡಿಗ್ರಿಯಷ್ಟೇ ವಾಲಿ ಹೊರಡುತ್ತದೆ; ಸೈಬೀರಿಯಾದ ಹತ್ತಿರ 71 ಡಿಗ್ರಿ ಅಕ್ಷಾಂಶದವರೆಗೂ ಏರಿ ಇಳಿಯುತ್ತದೆ. ಅದರ ಉದ್ದ 13,993 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ಹಾರಾಟ ಶುರು ಮಾಡಿದಾಗ ಮೊದಲ ವಿಮಾನವನ್ನು ತಂದದ್ದು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದ, ಬರೀ ಮಹಿಳಾ ಪೈಲಟ್‌ಗಳ ತಂಡ. ಅವರು ಉತ್ತರ ಧ್ರುವದ ಮೇಲಿಂದಲೇ ಹಾಯ್ದು ಬಂದು ಜನವರಿ 11ರ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದರು. ಅತಿ ಹತ್ತಿರದ ಗೆರೆ ಧ್ರುವವನ್ನು ಮುಟ್ಟುವುದಿಲ್ಲ. ಆದರೂ ಪೈಲಟ್ ಗಾಳಿ ನೋಡಿಕೊಂಡು ದಾರಿ ಆರಿಸುತ್ತಾರೆಯೇ ಹೊರತು ಗೆರೆ ನೋಡಿಕೊಂಡಲ್ಲ.

ಮಂಗಳೂರಿನ ದೂರ ಸರಿಯಾಗಿ ಗೊತ್ತಾದ ಕಥೆ ವಿಮಾನಕ್ಕಿಂತ ನೂರು ವರ್ಷ ಹಳೆಯದು, ಮತ್ತು ಅದು ಶುರುವಾದದ್ದು ಇವತ್ತಿನ ಔಟರ್ ರಿಂಗ್ ರೋಡಿನ ಆಸುಪಾಸಿನಲ್ಲೇ. ಟಿಪ್ಪು ಮಡಿದ ಮರುವರ್ಷ, 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಅಗರದಿಂದ ಬಾಣಸವಾಡಿಯವರೆಗೆ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ಹಾಸಿ ಒಂದು ಆಧಾರರೇಖೆ ಅಳೆದ. ಉದ್ದ ಏಳೂವರೆ ಮೈಲಿಗೆ ತುಸು ಕಡಿಮೆ, ಅಂದರೆ ಹನ್ನೆರಡು ಕಿಲೋಮೀಟರ್. ಹಿಡಿದ ಕಾಲ ಸುಮಾರು ಎರಡು ತಿಂಗಳು. (ಶುಕ್ರವಾರ ಸಂಜೆ ಅಗರದಿಂದ ಬಾಣಸವಾಡಿಗೆ ಹೊರಟವರಿಗೆ ಇದರಲ್ಲಿ ಅಂಥ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.) ಒಂದು ಬಾಹುವಿನ ಉದ್ದ ಪಕ್ಕಾ ಆದರೆ ಸಾಕು, ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡುತ್ತ ತ್ರಿಕೋನದ ಪಕ್ಕ ತ್ರಿಕೋನ ಕಟ್ಟುತ್ತ ಸಾಗಬಹುದು, ಮತ್ತೆ ಸರಪಳಿ ಹಾಸುವ ಕೆಲಸ ಅಪರೂಪ. ಮುಂದೆ ಮದರಾಸಿನಲ್ಲಿ ಇನ್ನೊಂದು ಆಧಾರರೇಖೆ ಅಳೆದು, ಅಲ್ಲಿಂದ ಮೈಸೂರು ಸೀಮೆ ಹಾಯ್ದು ಮಂಗಳೂರಿನ ಕಡಲವರೆಗೆ ಈ ತ್ರಿಕೋನಗಳನ್ನು ಎಳೆದಾಗ ಒಂದು ಸಂಗತಿ ಹೊರಬಿತ್ತು. ಅಲ್ಲಿಯವರೆಗಿನ ನಕ್ಷೆಗಳು ಪೂರ್ವ ಕಡಲಿನಿಂದ ಪಶ್ಚಿಮ ಕಡಲಿಗೆ 400 ಮೈಲಿ ಎನ್ನುತ್ತಿದ್ದವು. ಲ್ಯಾಂಬ್ಟನ್ ಲೆಕ್ಕಕ್ಕೆ ಸಿಕ್ಕಿದ್ದು 360. ದಕ್ಷಿಣ ಭಾರತ ಕಾಗದದ ಮೇಲೆ ನಲವತ್ತು ಮೈಲಿ ಸೊರಗಿತು. ಇಂದು ಬಜ್ಪೆಯ ಅಕ್ಷಾಂಶ, ರೇಖಾಂಶವನ್ನು ದಶಾಂಶ ಸ್ಥಾನಗಳಲ್ಲಿ ಬರೆಯುತ್ತೇವಲ್ಲ, ಅದರ ಹಿರಿಯಜ್ಜ ಆ ಉಕ್ಕಿನ ಸರಪಳಿ.

ದೂರದ ವಿಷಯ ಇಷ್ಟಕ್ಕೆ ಮುಗಿಯಿತು. ವಿಮಾನ ಇಪ್ಪತ್ಮೂರು ನಿಮಿಷದಲ್ಲಿ ಏಕೆ ಮುಟ್ಟುವುದಿಲ್ಲ?

ಏಕೆಂದರೆ ಅದು 800 ಕಿ.ಮೀ. ವೇಗದಲ್ಲಿ ಹಾರುವುದು ಬಹಳ ಸ್ವಲ್ಪ ಹೊತ್ತು. ಜೆಟ್ ಎಂಜಿನ್‌ಗೆ ಎತ್ತರದ ತೆಳುಗಾಳಿಯೇ ಲಾಭ, ಆದ್ದರಿಂದ ಸಣ್ಣ ದಾರಿಯಲ್ಲೂ ಎಂಟೊಂಬತ್ತು ಕಿಲೋಮೀಟರ್ ಮೇಲಕ್ಕೆ ಹೋಗಬೇಕು. ಅಷ್ಟು ಏರುವುದರೊಳಗೆ ನೂರಿಪ್ಪತ್ತು, ನೂರಮೂವತ್ತು ಕಿ.ಮೀ. ಕಳೆದಿರುತ್ತದೆ. ಇಳಿಯುವುದಕ್ಕೆ ಪೈಲಟ್‌ಗಳದೊಂದು ಬಾಯಿಲೆಕ್ಕವಿದೆ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. 28 ಸಾವಿರ ಅಡಿಯಿಂದ ಇಳಿಯಬೇಕಾದರೆ 84 ನಾಟಿಕಲ್ ಮೈಲಿ, ಅಂದರೆ 155 ಕಿ.ಮೀ. ಮೊದಲೇ ಮೂತಿ ತಗ್ಗಿಸಬೇಕು. ಕೂಡಿ ನೋಡಿ: ಏರುದಾರಿ 130, ಇಳಿದಾರಿ 155. ಉಳಿದದ್ದು ಇಪ್ಪತ್ತು ಕಿಲೋಮೀಟರ್, ಒಂದೂವರೆ ನಿಮಿಷ! ಈ ದಾರಿಯಲ್ಲಿ ಗಗನಸಖಿಯರು ನೀರಿನ ಲೋಟ ಹಂಚಿ ಮುಗಿಸುವ ಮೊದಲೇ ಖಾಲಿ ಲೋಟ ತೆಗೆದುಕೊಳ್ಳಲು ಹಿಂದಿನಿಂದ ಶುರು ಮಾಡಿರುತ್ತಾರೆ. ಮಂಗಳೂರಿನ ವಿಮಾನಕ್ಕೆ ಸಮತಟ್ಟಾದ ಹಾರಾಟ ಎಂಬುದೇ ಹೆಚ್ಚುಕಡಿಮೆ ಇಲ್ಲ. ಜೊತೆಗೆ ಹತ್ತು ಸಾವಿರ ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮೀರುವಂತಿಲ್ಲ ಎಂಬ ಕಟ್ಟಳೆ.

ನಮ್ಮ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ, ಬಜ್ಪೆ ನೂರು ಮೀಟರ್ ಆಸುಪಾಸಿನಲ್ಲಿ. ಹಾಗಾಗಿ ಮಂಗಳೂರಿಗೆ ಹೋಗುವಾಗ ವಿಮಾನ ಏರಿದ್ದಕ್ಕಿಂತ 800 ಮೀಟರ್ ಹೆಚ್ಚು ಇಳಿಯುತ್ತದೆ. ಬಾಯಿಲೆಕ್ಕದ ಪ್ರಕಾರ ಇಳಿದಾರಿಯಲ್ಲಿ ಹದಿನೈದು ಕಿಲೋಮೀಟರ್ ಜಾಸ್ತಿ. ಘಟ್ಟವನ್ನು ಗುಂಡ್ಯದ ತಿರುವುಗಳಲ್ಲಿ ಮಾತ್ರವಲ್ಲ, ಆಕಾಶದಲ್ಲೂ ಇಳಿಯಲೇಬೇಕು.

ಹೀಗೆ ಏರುವುದು ಇಳಿಯುವುದೇ ಮುಖ್ಯವಾದ ದಾರಿಯಲ್ಲಿ ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳಿಗೆ ಬಿಡುವಿರುವುದಿಲ್ಲ. ನಿಧಾನ ವೇಗದಲ್ಲೂ ವಿಮಾನ ಮೇಲೆ ನಿಲ್ಲುವಂತೆ ರೆಕ್ಕೆಯನ್ನು ಅಗಲ ಮಾಡಿ ಬಾಗಿಸುವ ಹಲಗೆಗಳು ಅವು. ಕಿಟಕಿ ಪಕ್ಕ ರೆಕ್ಕೆಯ ಹಿಂದೆ ಕೂತವರು ಗಮನಿಸಿರಬಹುದು: ರೆಕ್ಕೆಯಡಿ ದೋಣಿಯಾಕಾರದ ಉದ್ದ ಉಬ್ಬುಗಳಿರುತ್ತವೆ, ಗರ್ರೆಂಬ ಸದ್ದಿನೊಂದಿಗೆ ಹಲಗೆ ಹಿಂದಕ್ಕೂ ಕೆಳಕ್ಕೂ ಜಾರುತ್ತದೆ. ಆ ಉಬ್ಬಿನೊಳಗೆ ಹಲಗೆಯ ಭಾರ ಹೊತ್ತು ಹಳಿಯಂತೆ ದಾರಿ ತೋರಿಸುವ ತೊಲೆಗೆ ಫ್ಲ್ಯಾಪ್ ಟ್ರ್ಯಾಕ್ ಬೀಮ್ ಎನ್ನುತ್ತಾರೆ. ಏರ್‌ಬಸ್ ಎ320 ಜಾತಿಯ ವಿಮಾನಗಳಿಗೆ ಇವನ್ನು ಜೋಡಿಸಿ ಕಳಿಸುವ ಕಂಪನಿಗಳಲ್ಲಿ ಪೀಣ್ಯದ ಡೈನಮ್ಯಾಟಿಕ್ ಟೆಕ್ನಾಲಜೀಸ್ ಒಂದು. ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು ವಿಮಾನ ತಪ್ಪಿಸಿಕೊಂಡವನಿಗೆ ಇದು ಸಮಾಧಾನವೇನಲ್ಲ ಬಿಡಿ.

ಇನ್ನು ಗಾಳಿ. ಕೆಂಪೇಗೌಡ ನಿಲ್ದಾಣದ ಎರಡು ರನ್‌ವೇಗಳೂ, ಹಳೆಯ ಎಚ್‌ಎಎಲ್, ಯಲಹಂಕದ ವಾಯುನೆಲೆ, ಎಲ್ಲದರ ರನ್‌ವೇಯೂ ಪೂರ್ವ–ಪಶ್ಚಿಮ. ಬೆಂಗಳೂರಿನ ಗಾಳಿ ಬೀಸುವುದೇ ಆ ದಿಕ್ಕಿನಲ್ಲಿ: ಮಳೆಗಾಲದಲ್ಲಿ ಪಶ್ಚಿಮದಿಂದ, ಚಳಿಗಾಲದಲ್ಲಿ ಪೂರ್ವದಿಂದ. ವಿಮಾನ ಗಾಳಿಗೆ ಎದುರಾಗಿ ನೆಲ ಬಿಡುತ್ತದೆ. ಹಾಗಾಗಿ ಜುಲೈಯಲ್ಲಿ ಮಂಗಳೂರಿನ ವಿಮಾನ ಪಶ್ಚಿಮಕ್ಕೇ ಹಾರಿ ನೆಟ್ಟಗೆ ದಾರಿ ಹಿಡಿಯಬಹುದು. ಡಿಸೆಂಬರಿನಲ್ಲಿ ಪೂರ್ವಕ್ಕೆ ಹಾರಿ, ಸುತ್ತು ಹಾಕಿ ಹಿಂದಿರುಗಬೇಕು. ಕೆಲವು ನಿಮಿಷ ಅಲ್ಲೇ ಹೋಯಿತು.

ಮಳೆಗಾಲದ ಮೇಲುಗಾಳಿಯದು ಇನ್ನೂ ಸ್ವಾರಸ್ಯ. ನಮಗೆ ಮಳೆ ತರುವ ಪಡುವಣ ಗಾಳಿ ಸುಮಾರು ಆರು ಕಿಲೋಮೀಟರ್ ಎತ್ತರಕ್ಕೆ ಸೋತುಬಿಡುತ್ತದೆ. ಅದರ ಮೇಲೆ ಗಾಳಿ ತಿರುವುಮುರುವು: ಪೂರ್ವದಿಂದ ಪಶ್ಚಿಮಕ್ಕೆ. ಹದಿನಾಲ್ಕು ಹದಿನೈದು ಕಿ.ಮೀ. ಎತ್ತರದಲ್ಲಿ ಅದು ಹೊಳೆಯಂತೆ ರಭಸವಾಗುತ್ತದೆ. ‘ಉಷ್ಣವಲಯದ ಪೂರ್ವ ಜೆಟ್’ ಎಂಬ ಈ ಗಾಳಿಯನ್ನು 1958ರಲ್ಲಿ ವಿವರಿಸಿದವರು ನಮ್ಮ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಮಂಗಳೂರಿನ ದಾರಿಗೆ ಇದರ ಪರಿಣಾಮ ಹೀಗೆ: ಪಂಖ ತಿರುಗಿಸುತ್ತ ಐದಾರು ಕಿ.ಮೀ. ಎತ್ತರದೊಳಗೇ ಹಾರುವ ಎಟಿಆರ್ ವಿಮಾನಕ್ಕೆ ಜುಲೈಯಲ್ಲಿ ಮಂಗಳೂರಿನಿಂದ ಬರುವಾಗ ಬೆನ್ನಿಗೆ ಗಾಳಿ. ಅದೇ ಹೊತ್ತಿಗೆ ಮೂರು ಕಿ.ಮೀ. ಮೇಲೆ ಬರುತ್ತಿರುವ ಜೆಟ್‌ಗೆ ಎದುರುಗಾಳಿ. ಒಂದೇ ದಾರಿ, ಒಂದೇ ಗಳಿಗೆ. ಆದರೆ ಎಷ್ಟು ವ್ಯತ್ಯಾಸ? ಗಂಟೆಗೆ 500 ಕಿ.ಮೀ. ವೇಗದ ಎಟಿಆರ್‌ಗೆ 40 ಕಿ.ಮೀ. ಗಾಳಿ ಸಿಕ್ಕಿತೆನ್ನಿ. 300 ಕಿ.ಮೀ. ದಾರಿಗೆ ಬೆನ್ನುಗಾಳಿಯಲ್ಲಿ 33 ನಿಮಿಷ, ಎದುರುಗಾಳಿಯಲ್ಲಿ 39. ಆರು ನಿಮಿಷ, ಅಷ್ಟೇ. ಹೋಗಿ ಬರುವವರಿಗೆ ಗಾಳಿ ಕೊಟ್ಟದ್ದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು ಎಂಬುದೂ ಲೆಕ್ಕದಲ್ಲೇ ಕಾಣುತ್ತದೆ: ಗಾಳಿ ಇಲ್ಲದಿದ್ದರೆ ಎರಡೂ ಕಡೆ ಸೇರಿ 72 ನಿಮಿಷ, ಗಾಳಿ 100 ಕಿ.ಮೀ. ಆದರೆ ಒಂದು ಕಡೆ 30, ಇನ್ನೊಂದು ಕಡೆ 45, ಒಟ್ಟು 75. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುತ್ತದಲ್ಲ, ಅದಕ್ಕೆ.

ಇವೆಲ್ಲ ಸೇರಿಯೂ ವೇಳಾಪಟ್ಟಿಯ ಒಂದು ಗಂಟೆ ಚಿಲ್ಲರೆಯೇ. ದೂರ ಮತ್ತು ಸಮಯ ಹೇಳುವ ಕಂಪ್ಯೂಟರ್ ಲೆಕ್ಕಗಳು ಸಾಮಾನ್ಯವಾಗಿ ದೂರವನ್ನು 800ರಿಂದ ಭಾಗಿಸಿ, ಏರಿಳಿತಕ್ಕೆಂದು ಮೇಲೆ ಅರ್ಧ ಗಂಟೆ ಸೇರಿಸಿ ಕೈತೊಳೆದುಕೊಳ್ಳುತ್ತವೆ. 53 ನಿಮಿಷ ಎಂಬ ಉತ್ತರ ಬರುತ್ತದೆ, ಅದೇನೂ ಬಹಳ ತಪ್ಪಲ್ಲ. ಹಾಗಾದರೆ ದೊಡ್ಡತೋಗೂರಿನ ಹುಡುಗನ ಆರು ಗಂಟೆ ಎಲ್ಲಿ ಹೋಯಿತು? ನೆಲದ ಮೇಲೆ.

2008ರ ಮೇ 24ರವರೆಗೆ ಬೆಂಗಳೂರಿನ ವಿಮಾನಗಳು ಎಚ್‌ಎಎಲ್‌ನಿಂದ ಹಾರುತ್ತಿದ್ದವು. ವೈಟ್‌ಫೀಲ್ಡಿನ ಐಟಿಪಿಎಲ್‌ನಿಂದ ಅದಕ್ಕೆ ನೇರ ಗೆರೆಯಲ್ಲಿ ಎಂಟೊಂಬತ್ತು ಕಿ.ಮೀ.; ಎಲೆಕ್ಟ್ರಾನಿಕ್ ಸಿಟಿಯಿಂದ ಹನ್ನೆರಡು; ಪೀಣ್ಯದಿಂದ ಹದಿನೆಂಟು. ನಿಲ್ದಾಣ ದೇವನಹಳ್ಳಿಗೆ ಹೋದ ದಿನ ಇವು ಕ್ರಮವಾಗಿ 24, 39 ಮತ್ತು 27 ಆದವು. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಂಪನಿ ಕಿಯೋನಿಕ್ಸ್, ಅದರ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ 332 ಎಕರೆ ಹಿಡಿದು ಎಲೆಕ್ಟ್ರಾನಿಕ್ ಸಿಟಿ ಕಟ್ಟಿದಾಗ ಅದು ನಿಲ್ದಾಣಕ್ಕೆ ಪೀಣ್ಯಕ್ಕಿಂತ ಹತ್ತಿರವಿತ್ತು. ಒಂದೇ ರಾತ್ರಿಯಲ್ಲಿ ಮೂರರಲ್ಲಿ ಅತಿ ದೂರದ್ದಾಯಿತು. ಮಂಗಳೂರಿನ ದೂರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಆಗಲಿಲ್ಲ.

ಅದರ ಮೇಲೆ, ರಸ್ತೆ ನೇರ ಗೆರೆಯಲ್ಲಿ ಹೋಗುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಡುವ ಕೆಐಎ–8 ವಾಯುವಜ್ರ ಬಸ್ಸು ಸಿಲ್ಕ್ ಬೋರ್ಡ್, ಮಾರತ್‌ಹಳ್ಳಿ, ಟಿನ್ ಫ್ಯಾಕ್ಟರಿ, ಹೆಬ್ಬಾಳ ಎಂದು ರಿಂಗ್ ರೋಡನ್ನು ತಡಕಿಕೊಂಡು ಹೋಗುತ್ತದೆ. 39 ಕಿ.ಮೀ. ಗೆರೆ ಐವತ್ತು ದಾಟುತ್ತದೆ. 2018ರ ಮಾರ್ಚ್‌ನಲ್ಲಿ ತುಂಬಿ ಏವಿಯೇಷನ್ ಎಂಬ ಕಂಪನಿ ಈ 39 ಕಿ.ಮೀ. ಮೇಲೆ ಹೆಲಿಕಾಪ್ಟರ್ ಟ್ಯಾಕ್ಸಿ ಬಿಟ್ಟಿತ್ತು. ಹದಿನೈದು ನಿಮಿಷದ ಹಾದಿ. ಹೆಚ್ಚು ಕಾಲ ನಡೆಯಲಿಲ್ಲ. ಹೆಲಿಕಾಪ್ಟರಿನಲ್ಲಿ ನಾಲ್ಕೈದು ಜನ ಹೋಗಬಹುದು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಲಕ್ಷಗಟ್ಟಲೆ. ನನಗಂತೂ ಅದು ಸುದ್ದಿಗಾಗಿ ಮಾಡಿದ ಉಪಾಯವೆಂದೇ ಅನ್ನಿಸಿತ್ತು.

ಈಗ ಹುಡುಗನ ಆರು ಗಂಟೆ ಬಿಡಿಸೋಣ. ಮನೆಯಿಂದ ನಿಲ್ದಾಣಕ್ಕೆ ಎರಡು ಗಂಟೆ. ಚೆಕಿನ್, ತಪಾಸಣೆ, ಗೇಟಿನ ಮುಂದಿನ ಕಾಯುವಿಕೆಗೆ ಒಂದೂವರೆ. ರನ್‌ವೇವರೆಗಿನ ತೆವಳುವಿಕೆ, ಏರಿಳಿತಕ್ಕೆ ಅರ್ಧ. ಅತ್ತ ಬ್ಯಾಗು ಸಿಕ್ಕಿ ಮೂಡಬಿದಿರೆ ಮುಟ್ಟಲು ಒಂದೂವರೆ. ಒಟ್ಟು ಐದೂವರೆ ಗಂಟೆ. ಇದು ಆಟೊ ಮೀಟರಿನ ಮಿನಿಮಮ್ ಚಾರ್ಜ್ ಇದ್ದಂತೆ: ಎಲ್ಲಿಗೇ ಹೋದರೂ ತೆರಲೇಬೇಕು, ದೂರದ ಲೆಕ್ಕ ಆಮೇಲೆ ಓಡಲು ಶುರು. 306 ಕಿ.ಮೀ.ಗೆ ಓಡುವುದು ಆ ಇಪ್ಪತ್ಮೂರು ನಿಮಿಷ ಮಾತ್ರ.

ಹಾಗಾದರೆ ಎಷ್ಟು ದೂರದ ಊರಾದರೆ ವಿಮಾನ ಹತ್ತುವುದು ಲಾಭ? ರಸ್ತೆಯ ದಾರಿ ಆಕಾಶದ ದಾರಿಗಿಂತ ಐದನೇ ಒಂದು ಭಾಗ ಹೆಚ್ಚು, ಕಾರಿನ ಸರಾಸರಿ ವೇಗ ಗಂಟೆಗೆ 60 ಕಿ.ಮೀ. ಎಂದಿಟ್ಟುಕೊಳ್ಳಿ. ಆಗ ಆಕಾಶದ ಪ್ರತಿ ನೂರು ಕಿ.ಮೀ.ಗೆ ಕಾರಿಗೆ ಎರಡು ಗಂಟೆ, ವಿಮಾನಕ್ಕೆ ಏಳೂವರೆ ನಿಮಿಷ. ಐದೂವರೆ ಗಂಟೆಯ ಮಿನಿಮಮ್ ತೆತ್ತವನು ಕಾರನ್ನು ಹಿಂದೆ ಹಾಕಬೇಕಾದರೆ ಕನಿಷ್ಠ 293 ಕಿ.ಮೀ. ಹಾರಬೇಕು. ಮಿನಿಮಮ್ ನಾಲ್ಕೂವರೆಗೆ ಇಳಿದರೆ, ಪೀಣ್ಯದವರದು ಸುಮಾರು ಅಷ್ಟೇ, ಈ ಗಡಿ 240ಕ್ಕೆ ಬರುತ್ತದೆ. ದೇವನಹಳ್ಳಿಯಿಂದ ಚೆನ್ನೈ ನಿಲ್ದಾಣ 268 ಕಿ.ಮೀ.: ಎರಡು ಗಡಿಗಳ ನಟ್ಟನಡುವೆ. ಪೀಣ್ಯದ ಕಾರ್ಖಾನೆಯ ಮಾಲೀಕರು ಚೆನ್ನೈಗೆ ಹಾರಿದರೆ ಹೊತ್ತು ಉಳಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯವರು ಹಾರಲು ಉತ್ತರಕ್ಕೆ ಎರಡು ಗಂಟೆ ಹೋಗುವ ಬದಲು ಮನೆಮುಂದಿನ ಹೊಸೂರು ರಸ್ತೆ ಹಿಡಿದರೆ ಅಷ್ಟರಲ್ಲಿ ಕೃಷ್ಣಗಿರಿ ದಾಟಿರುತ್ತಾರೆ. ಹುಬ್ಬಳ್ಳಿ 370 ಕಿ.ಮೀ., ಅದು ಎರಡೂ ಗಡಿಯಾಚೆ. ಆದರೆ 2023ರ ಜೂನ್‌ನಿಂದ ಧಾರವಾಡಕ್ಕೆ ಓಡುತ್ತಿರುವ ವಂದೇ ಭಾರತ್ ರೈಲು ಸುಮಾರು ಆರು ಗಂಟೆಯಲ್ಲಿ ಹುಬ್ಬಳ್ಳಿ ಮುಟ್ಟಿಸುತ್ತದೆ, ಪೀಣ್ಯದ ಮಗ್ಗುಲಲ್ಲೇ ಇರುವ ಯಶವಂತಪುರದಲ್ಲಿ ನಿಲ್ಲುತ್ತದೆ. ಅಲ್ಲಿ ವಿಮಾನದ ಲಾಭ ಕರಗಿಹೋಗುತ್ತದೆ.

ಈ ಗಡಿಯ ಲೆಕ್ಕ ನಡುವೆ ರಸ್ತೆಯಿರುವ ಊರುಗಳಿಗೆ ಮಾತ್ರ. ಮೆಡಿಟರೇನಿಯನ್ ಸಮುದ್ರದ ಮಯೋರ್ಕಾ ಮತ್ತು ಇಬಿಜಾ ದ್ವೀಪಗಳ ವಿಮಾನ ನಿಲ್ದಾಣಗಳ ನಡುವೆ ಬರೀ 140 ಕಿ.ಮೀ. ಎಲೆಕ್ಟ್ರಾನಿಕ್ ಸಿಟಿಯವರ ಗಡಿಯ ಅರ್ಧವೂ ಇಲ್ಲ, ಆದರೂ ದಿನವೂ ವಿಮಾನಗಳು ಓಡುತ್ತವೆ. ಕಾರಣ ವೇಗವಲ್ಲ. ನಡುವೆ ರಸ್ತೆಯಿಲ್ಲ, ಹಡಗಿಗೆ ಗಂಟೆಗಟ್ಟಲೆ ಬೇಕು, ಮತ್ತು ಮಯೋರ್ಕಾದ ನಿಲ್ದಾಣ ಅಲ್ಲಿನ ರಾಜಧಾನಿ ಪಾಲ್ಮಾದಿಂದ ಎಂಟೇ ಕಿಲೋಮೀಟರ್.

ಇದೇ ಲೆಕ್ಕದಿಂದ ಇನ್ನೊಂದು ಪ್ರಶ್ನೆ ಕೇಳಬಹುದು. ವಿಮಾನದ ವೇಗವನ್ನು 800ರಿಂದ 1,000ಕ್ಕೆ ಏರಿಸಿದರೆ ಎಲೆಕ್ಟ್ರಾನಿಕ್ ಸಿಟಿಯವರ ಗಡಿ ಎಷ್ಟು ಹತ್ತಿರ ಬರುತ್ತದೆ? 293 ಇದ್ದದ್ದು 289 ಆಗುತ್ತದೆ. ನಾಲ್ಕು ಕಿಲೋಮೀಟರ್! ಎಂಜಿನಿಯರುಗಳು ಎಷ್ಟೇ ಹೆಣಗಿ ವೇಗವನ್ನು ಕಾಲುಪಾಲು ಹೆಚ್ಚಿಸಿದರೂ ಸಿಗುವುದು ಅಷ್ಟೇ. ಅದೇ, ನೆಲದ ಮೇಲಿನ ಹೊತ್ತು ಒಂದು ಗಂಟೆ ಇಳಿದರೆ ಗಡಿ 53 ಕಿ.ಮೀ. ಒಳಕ್ಕೆ ಸರಿಯುತ್ತದೆ. ಸಣ್ಣ ದೂರದ ಹಾರಾಟವನ್ನು ಬೇಗ ಮುಗಿಸುವ ಯಂತ್ರ ಮೆಟ್ರೊ ರೈಲು. ಜೆಟ್ ಎಂಜಿನ್ ಅಲ್ಲ. 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡ್‌ಗೆ, 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೊ ಬಂತು. ಮೂರೂ ವಿಮಾನ ನಿಲ್ದಾಣಕ್ಕೆ ಹೋಗುವುದಿಲ್ಲ. ಹೋಗಬೇಕಾದ ನೀಲಿ ಮಾರ್ಗವನ್ನು ಶುರುಮಾಡಿದ್ದು ಈ ಮೂರಕ್ಕಿಂತ ಕೊನೆಗೆ.

ಇನ್ನೊಂದು ದಾರಿ ನಿಲ್ದಾಣವನ್ನೇ ಹತ್ತಿರ ತರುವುದು. ಅದಕ್ಕೆ ಅಡ್ಡ ಇರುವುದೂ ಒಂದು ದೂರವೇ. ಕೆಂಪೇಗೌಡ ನಿಲ್ದಾಣ ಕಟ್ಟುವಾಗ ಆದ ಒಪ್ಪಂದದ ಪ್ರಕಾರ, ಅದು ತೆರೆದ ದಿನದಿಂದ 25 ವರ್ಷ, ಅಂದರೆ 2033ರವರೆಗೆ, ಆಕಾಶಮಾರ್ಗದಲ್ಲಿ 150 ಕಿ.ಮೀ. ಒಳಗೆ ಮೈಸೂರು ಮತ್ತು ಹಾಸನ ಬಿಟ್ಟು ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಕೂಡದು. ಆ ವರ್ತುಲದೊಳಗೇ ಈಗ ಪೈಪೋಟಿ. ಕನಕಪುರ ರಸ್ತೆಯ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯ ಒಂದು ಜಾಗವನ್ನು ಕರ್ನಾಟಕ ಸರ್ಕಾರ ಆರಿಸಿತು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡು ಹೋಯಿತು. ಅದಕ್ಕೂ ಮೊದಲೇ, 2024ರ ಜೂನ್‌ನಲ್ಲಿ, ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಘೋಷಿಸಿದ್ದರು. ನೆಲಮಂಗಲವಾದರೆ ಪೀಣ್ಯದವರಿಗೆ ಹಬ್ಬ, ಕನಕಪುರ ರಸ್ತೆಯೋ ಹೊಸೂರೋ ಆದರೆ ಎಲೆಕ್ಟ್ರಾನಿಕ್ ಸಿಟಿಯವರಿಗೆ. ವೈಟ್‌ಫೀಲ್ಡಿನವರಿಗೆ ಯಾವುದಾದರೂ ದೇವನಹಳ್ಳಿಯೇ ಗತಿ.

ಹೊಸೂರಿನ ಹತ್ತಿರ ಬೆಳಗೊಂಡಪಳ್ಳಿಯಲ್ಲಿ ಈಗಾಗಲೇ ಒಂದು ಖಾಸಗಿ ರನ್‌ವೇ ಇದೆ. ಲೆಕ್ಕಕ್ಕೆ ಅದನ್ನೇ ಹಿಡಿದರೆ, ಎಲೆಕ್ಟ್ರಾನಿಕ್ ಸಿಟಿಯಿಂದ ನೇರ ಗೆರೆಯಲ್ಲಿ 23 ಕಿ.ಮೀ.; ದೇವನಹಳ್ಳಿಗಿಂತ 16 ಕಿ.ಮೀ. ಹತ್ತಿರ, ಮತ್ತು ದಾರಿ ಊರಿನಿಂದ ಹೊರಕ್ಕೆ. ಅಲ್ಲಿಂದ ಬಜ್ಪೆಗೆ 314 ಕಿ.ಮೀ. ವಿಮಾನಕ್ಕೆ ಎಂಟು ಕಿಲೋಮೀಟರ್ ಹೆಚ್ಚು ಕೆಲಸ: 800ರ ವೇಗದಲ್ಲಿ 36 ಸೆಕೆಂಡು.